ಟ್ವೈಲಾಳ ಕೊಂಬಿಗೆ ನಾನು ತುಂಬಿಕೊಟ್ಟ ಮದ್ದು

ಕೋವಿಯ ಮದ್ದನ್ನು ಒಂದು ಚಿಟಿಕೆ ಸುಟ್ಟು ನೋಡದೆ ನಾನು ಯಾರ ಕೈಗೂ ಕೊಟ್ಟವಳಲ್ಲ. ಬೇಕಾದರೆ ನಮ್ಮ ಟ್ಯಾನರಿ ಕಣಿವೆಯಲ್ಲಿ ಯಾರನ್ನಾದರೂ ಕೇಳಿ. ಕೋವಿಗೆ ಎಷ್ಟು ಮದ್ದು, ಯಾವ ಗುಂಡು, ನಳಿಗೆ ತೊಳೆಯುವುದು ಹೇಗೆ ಎಂದು ಕೇಳಿಕೊಂಡು ಗಂಡಸರೇ ನನ್ನ ಬಾಗಿಲಿಗೆ ಬರುತ್ತಿದ್ದರು. ಅಂಥವಳು ಒಂದೇ ಒಂದು ಸಲ ಸುಟ್ಟು ನೋಡದೆ ಕೊಟ್ಟೆ. ಕೊಟ್ಟಿದ್ದು ಒಡಹುಟ್ಟಿದ ತಂಗಿಗೆ.

ಇದು ಮೂವತ್ತು ವರ್ಷದ ಹಿಂದಿನ ಮಾತು. ಆಗ ನನಗೆ ಐವತ್ನಾಲ್ಕು, ಟ್ವೈಲಾಗೆ ನಲವತ್ತೆಂಟು. ನನ್ನ ಗಂಡ ಮರ್ಲ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವಳ ಗಂಡ ಎಲ್‌ವುಡ್ ಆ ವರ್ಷದ ಏಪ್ರಿಲ್‌ನಲ್ಲಿ ಹಾಲಿನ ಕೊಟ್ಟಿಗೆಯಲ್ಲೇ ಕುಸಿದು ಹೋಗಿದ್ದ. ಸೆಪ್ಟೆಂಬರಿನಲ್ಲಿ ಒಂದು ದಿನ ಅವಳು ಕಂಬಳಿಯಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ತಂದು ನನ್ನ ಅಡುಗೆಮನೆಯ ಮೇಜಿನ ಮೇಲಿಟ್ಟಳು. ಬಿಚ್ಚಿ ನೋಡಿದರೆ ಎಲ್‌ವುಡ್‌ನ ಚಕಮಕಿ ಕೋವಿ.

"ಈ ಸಲ ನಾನೇ ಹೋಗ್ತೀನಿ ಕಣೇ," ಅಂದಳು.

"ಎಲ್ಲಿಗೆ?"

"ಜಿಂಕೆಗೆ."

ನನಗೆ ನಗು ಬಂತು. "ಬೋನಿಗೆ ಇಲಿ ಬಿದ್ರೂ ಅಳೋಳು ನೀನು!"

"ಈ ವರ್ಷದ್ದು ಅತ್ತು ಮುಗೀತು, ಆರ್ಡಿತ್. ಇನ್ನು ಕಣ್ಣಲ್ಲಿ ನೀರಿಲ್ಲ. ಕಲಿಸ್ತೀಯೋ ಇಲ್ವೋ ಹೇಳು."

ಕಲಿಸದೆ ಇರುವುದು ಹೇಗೆ? ಗುಂಡು ಜಡಿಯುವ ಗಜ ಎಂಬ ಕೋಲನ್ನು ನಳಿಗೆಯೊಳಗೆ ಇಳಿಬಿಟ್ಟು, ಅದು ತಳ ಮುಟ್ಟಿತೇ ಎಂದು ಮೊದಲು ನೋಡಿದೆ. ಗೋಡೆಗೆ ತೂಗುಹಾಕಿದ ಹಳೆಯ ಕೋವಿಯೊಳಗೆ ಎಂದೋ ತುಂಬಿದ ಈಡು, ಮದ್ದೂ ಗುಂಡೂ, ಹಾಗೇ ಕುಳಿತಿರುವುದುಂಟು. ಅದು ಎಷ್ಟು ವರ್ಷ ಕಾದರೂ ಸಾಯುವುದಿಲ್ಲ. ಎಲ್‌ವುಡ್‌ನ ಕೋವಿ ಖಾಲಿ ಇತ್ತು, ಆದರೆ ಒಳಗೆಲ್ಲ ತುಕ್ಕು. ಎರಡು ದಿನ ಕುದಿಯುವ ಸೋಪಿನ ನೀರು ಹೊಯ್ದು ತಿಕ್ಕಿದೆವು. ಬಟ್ಟೆಚೂರುಗಳು ಮೊದಲು ಕಪ್ಪಾಗಿ, ಆಮೇಲೆ ಇಟ್ಟಿಗೆ ಬಣ್ಣವಾಗಿ, ಕೊನೆಗೆ ಬೆಳ್ಳಗೆ ಹೊರಬಂದವು. ನಳಿಗೆ ಬಿಸಿ ಇರುವಾಗಲೇ ಒಣಗಿಸಿ, ಕೊಬ್ಬು ಮತ್ತು ಜೇನುಮೇಣ ಕರಗಿಸಿ ಮಾಡಿದ ಜಿಡ್ಡನ್ನು ಸವರಿದೆವು. ಟ್ವೈಲಾ ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳ ಪಾತ್ರೆ ತಿಕ್ಕಿದವಳು. ಈ ಕೆಲಸದಲ್ಲಿ ಅವಳಿಗೆ ನಾನು ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ.

ಅಕ್ಟೋಬರಿನಲ್ಲಿ ಹುಲ್ಲುಗಾವಲಿನ ಹಿಂದೆ ಕಾಗದದ ತಟ್ಟೆ ನೇತುಹಾಕಿ ಈಡಿನ ಪರೀಕ್ಷೆ ಶುರು ಮಾಡಿದೆವು. ಗುಂಡು ಒಂದೇ, ಅದಕ್ಕೆ ಸುತ್ತುವ ಜಿಡ್ಡು ಬಟ್ಟೆಯೂ ಒಂದೇ. ಮದ್ದಿನ ಅಳತೆ ಮಾತ್ರ ಬೇರೆ ಬೇರೆ. ಐವತ್ತು ಗ್ರೇನ್ ಹಾಕಿದರೆ ಗುಂಡು ಸೋಮಾರಿಯಂತೆ ಕೆಳಕ್ಕೆ ಬೀಳುತ್ತಿತ್ತು. ತೊಂಬತ್ತು ಹಾಕಿದರೆ ಕೋಳಿಗೆ ಎರಚಿದ ಕಾಳಿನಂತೆ ಎಲ್ಲೆಂದರಲ್ಲಿ. ಎಪ್ಪತ್ತು ಹಾಕಿದಾಗ ಐವತ್ತು ಹೆಜ್ಜೆ ದೂರದಲ್ಲಿ ಮೂರು ತೂತುಗಳೂ ಒಂದು ಕಾಫಿ ಬಟ್ಟಲಿನಡಿ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದವು.

"ಇದೇ ನಿನ್ನ ಈಡು," ಅಂದೆ.

"ಇದೇ ನನ್ನ ಭುಜ," ಎಂದು ಅವಳು ಅಂಗಿಯ ಕಾಲರು ಸರಿಸಿ ತೋರಿಸಿದಳು. ನೇರಳೆ ಬಣ್ಣಕ್ಕೆ ತಿರುಗಿತ್ತು.

ಕೋವಿಗೆ ಕಿಡಿ ಹಾರಿಯೂ ಒಳಗಿನ ಈಡು ಹೊತ್ತದಿದ್ದರೆ ಏನು ಮಾಡಬೇಕೆಂದೂ ಅವಳಿಗೆ ಕಲಿಸಿದೆ. ಕುದುರೆ ಎನ್ನುವ ಕೊಕ್ಕೆಯಲ್ಲಿ ಕಚ್ಚಿಸಿದ ಚಕಮಕಿ ಕಲ್ಲು ಉಕ್ಕಿಗೆ ತಾಗಿ ಕಿಡಿ ಉದುರುವುದು ಹೊರಗಿನ ಪುಟ್ಟ ಬಟ್ಟಲಿಗೆ. ಅಲ್ಲಿಗೆ ಬೇರೆ ಕುಪ್ಪಿಯಿಂದ ಹಾಕುವ ನಯವಾದ ಮದ್ದಿಗೆ ರಂಜಕ ಎನ್ನುತ್ತೇವೆ. ಅದರ ಉರಿ ಸಣ್ಣ ಕಿಂಡಿಯ ಮೂಲಕ ಒಳಗಿನ ಮದ್ದಿಗೆ ಮುಟ್ಟಬೇಕು. ಒಮ್ಮೊಮ್ಮೆ ಮುಟ್ಟುವುದಿಲ್ಲ, ಬಟ್ಟಲಲ್ಲೇ ಫುಸ್ ಎಂದು ಮುಗಿದುಹೋಗುತ್ತದೆ. "ಆಗ ಒಂದು ನಿಮಿಷ ಕಾಯಿ. ತಂತಿಯಿಂದ ಕಿಂಡಿ ಚುಚ್ಚು. ಕಿಂಡಿಯೊಳಕ್ಕೇ ನಾಲ್ಕು ಕಾಳು ರಂಜಕ ಇಳಿಸು. ಬಟ್ಟಲು ತುಂಬ್ಕೊಂಡು ಇನ್ನೊಂದ್ಸಲ ಎಳಿ. ಹೊತ್ತೇ ಹೊತ್ತುತ್ತೆ," ಎಂದು ಇಪ್ಪತ್ತು ಸಲ ಮಾಡಿಸಿದ್ದೆ. ಆ ಮಾತು ಮುಂದೆ ನನ್ನ ಹೊಟ್ಟೆಗೆ ಕೊಳ್ಳಿ ಇಟ್ಟಿತು.

ಕ್ರಿಸ್‌ಮಸ್ ಕಳೆದ ಮಾರನೆಯ ದಿನ ನಮ್ಮಲ್ಲಿ ಚಕಮಕಿ ಕೋವಿಯವರ ಬೇಟೆ ಶುರುವಾಗುತ್ತದೆ. ಆ ದಿನ ಇಡೀ ಟ್ವೈಲಾ ಬೆಟ್ಟದಲ್ಲಿ ಕೂತು ಬರಿಗೈಯಲ್ಲಿ ಬಂದಳು. ಮರುದಿನ ಮಧ್ಯಾಹ್ನ ನನ್ನ ಮನೆಗೆ ಬಂದು, ಮದ್ದು ಒಯ್ಯುವ ಕೊಂಬಿನಲ್ಲಿದ್ದದ್ದು ಒದ್ದೆಯಾಗಿದೆ, ಬೇರೆ ತುಂಬಿಕೊಡು ಅಂದಳು. ನನಗೆ ಮೂರು ದಿನದಿಂದ ನೆಗಡಿ, ಜ್ವರ. ಮೂಗು ಕಟ್ಟಿ ಕಾಫಿಯ ವಾಸನೆಯೂ ಗೊತ್ತಾಗುತ್ತಿರಲಿಲ್ಲ, ದನಿಯೂ ಬಿದ್ದುಹೋಗುತ್ತಿತ್ತು. ನನ್ನ ಡಬ್ಬಿಯ ಮದ್ದು ಪರೀಕ್ಷೆಯಲ್ಲೇ ಮುಗಿದಿತ್ತು. ಮರ್ಲ್‌ನ ಕಪಾಟಿನ ಹಿಂದೆ ಇನ್ನೊಂದು ಕೆಂಪು ಡಬ್ಬಿ ಇದ್ದದ್ದು ನೆನಪಾಗಿ ಹುಡುಕಿ ತೆಗೆದೆ. ನಮ್ಮ ಚಕಮಕಿ ಕೋವಿಗೆ ಹಾಕುವ ಕಪ್ಪು ಮದ್ದಿನ ಡಬ್ಬಿಯೇ, ಚೀಟಿಯೂ ನೆಟ್ಟಗಿತ್ತು. ಮುಚ್ಚಳ ತೆಗೆದರೆ ಕಪ್ಪು ಕಾಳು. ಕೊಂಬಿಗೆ ಲಾಳಿಕೆ ಇಟ್ಟು ಸುರಿಯುತ್ತಿದ್ದಾಗ ಟ್ವೈಲಾ ಹೇಳಿದಳು:

"ನಾಳೆ ಐವತ್ತೇ ಹಾಕ್ತೀನಿ. ಎಪ್ಪತ್ತು ನನ್ನ ಕೈಲಿ ಆಗಲ್ಲ."

"ಹಾಕಿದ್ರೆ ಎಪ್ಪತ್ತು ಹಾಕು, ಇಲ್ಲ ಮನೇಲಿರು."

"ಭುಜ ನಂದು, ನೋವು ನಂದು. ನಿಂಗೇನು?"

"ಜಿಂಕೆ ಪ್ರಾಣ ನಿಂದಲ್ವಲ್ಲ! ಗುಂಡು ಅರ್ಧಕ್ಕೆ ಹೊಕ್ಕು ಅದು ಮೂರು ದಿನ ನರಳಿ ಸಾಯ್ಬೇಕಾ?"

"ನೋಡು, ಇದೇ ನಿನ್ನ ಚಾಳಿ. ಎಲ್ಲದಕ್ಕೂ ಅಳತೆ, ಎಲ್ಲದಕ್ಕೂ ಅಪ್ಪಣೆ," ಎಂದು ಅವಳು ಎದ್ದು ನಿಂತಳು. "ಪಾಪ ಮರ್ಲ್ ಅದಕ್ಕೇ ರೇಡಿಯೋ ಮುಂದೆ ಕೂತಿರ್ತಿದ್ದ. ಮಾತಾಡೋಕೆ ಮನೇಲಿ ಇನ್ಯಾರಿದ್ರು?"

ಆ ಮಾತು ಎದೆಗೆ ಚುಚ್ಚಿತು. ಡಬ್ಬಿಯನ್ನು ಕುಕ್ಕಿದ ಹೊಡೆತಕ್ಕೆ ಒಂದಿಷ್ಟು ಕಾಳು ಮೇಜಿನ ಮೇಲೆ ಚೆಲ್ಲಿತು. ಕೊಂಬಿನ ಬಿರಡೆ ಒತ್ತಿ ಅವಳ ಕೈಗೆ ತುರುಕಿದೆ. "ಹೋಗು. ಬೇಕಾದ್ದು ಹಾಕ್ಕೋ," ಅಂದೆ. ಅವಳು ಬಾಗಿಲು ಬಡಿದುಕೊಂಡು ಹೋದಳು. ನಾನು ಹಾಸಿಗೆಗೆ ಹೋಗಿ ಮಲಗಿದವಳು ಬೆಳಗಿನವರೆಗೂ ಏಳಲಿಲ್ಲ.

ಬೆಳಿಗ್ಗೆ ಎಂಟರ ಹೊತ್ತಿಗೆ ಕಾಫಿ ಕಾಯಿಸಿಕೊಂಡು ಮೇಜು ಒರೆಸಲು ಹೋದೆ. ಚೆಲ್ಲಿದ ಮದ್ದನ್ನು ಒಲೆಯ ಹತ್ತಿರ ಬಿಡಬಾರದು. ಕಾಗದದ ಮೇಲೆ ಗುಡಿಸಿಕೊಂಡು, ಹೊರಗೆ ಮೆಟ್ಟಿಲ ಕಲ್ಲಿನ ಮೇಲೆ ಸುರಿದು ಉದ್ದನೆಯ ಕಡ್ಡಿಯಿಂದ ಬೆಂಕಿ ತೋರಿಸಿದೆ. ಕಪ್ಪು ಮದ್ದಾದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬುಸ್ಸೆಂದು ಹಾರಿ ಬಿಳಿ ಹೊಗೆ ಏಳಬೇಕು. ಇದು ಹಾರಲಿಲ್ಲ. ಹಳದಿ ನಾಲಿಗೆ ಚಾಚಿ, ಮೇಣದ ಬತ್ತಿಯಂತೆ ನಿಧಾನವಾಗಿ ಉರಿಯಿತು. ಹೊಗೆಯೇ ಇಲ್ಲ.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅದು ಈಗಿನ ಕಾಲದ ಹೊಗೆಯಿಲ್ಲದ ಮದ್ದು. ಮರ್ಲ್ ತನ್ನ ಪಿಸ್ತೂಲಿನ ತೋಟಾಗಳಿಗೆ ಕೈಯಾರೆ ತುಂಬುತ್ತಿದ್ದದ್ದು. ಉಳಿದದ್ದನ್ನು ಯಾವಾಗಲೋ ಖಾಲಿ ಡಬ್ಬಿಗೆ ಸುರಿದಿಟ್ಟಿದ್ದಾನೆ, ಚೀಟಿ ಬದಲಾಯಿಸಿಲ್ಲ. ತೋಟಾದಲ್ಲಿ ಅದನ್ನು ನಾಲ್ಕೈದು ಗ್ರೇನ್ ಹಾಕುತ್ತಾರೆ. ಐವತ್ತರ ಅಳತೆಗೆ ತುಂಬಿ ಹಳೆಯ ಕೋವಿಯಲ್ಲಿ ಹೊತ್ತಿಸಿದರೆ ನಳಿಗೆ ಬಾಳೆಹಣ್ಣಿನ ಸಿಪ್ಪೆಯಂತೆ ಸೀಳಿಹೋಗುತ್ತದೆ. ಸೀಳುವುದು ತಳದಲ್ಲಿ, ಹೊಡೆಯುವವರ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ.

ಟ್ವೈಲಾಳ ಮನೆಗೆ ಫೋನ್ ಮಾಡಿದೆ. ರಿಂಗಾಗುತ್ತಲೇ ಇತ್ತು. ಬಾಗಿಲ ಹಿಂದೆ ಕೈಗೆ ಸಿಕ್ಕ ಕೋಟು ಹಾಕಿಕೊಂಡು ಮರ್ಲ್‌ನ ಪಿಕಪ್ ಹತ್ತಿದೆ. ಹಿಮದಲ್ಲಿ ಗಾಡಿ ಎರಡು ಸಲ ಅಡ್ಡ ತಿರುಗಿತು. ದಾರಿಯುದ್ದಕ್ಕೂ ಬಾಯಲ್ಲಿ ಒಂದೇ ಮಾತು: ದೇವರೇ, ಜಿಂಕೆ ಬರದಿರಲಿ. ಅವಳಿಗೆ ಒಂದು ಜಿಂಕೆಯೂ ಕಾಣದಿರಲಿ.

ಸೇತುವೆಯ ಪಕ್ಕ ಅವಳ ಕಾರು ನಿಂತಿತ್ತು. ಎದುರು ಮನೆಯ ಹಾರ್ಲನ್ ಯೋಸ್ಟ್ ಅಂಗಳದಲ್ಲಿ ಹಿಮ ಗೋರುತ್ತಿದ್ದ. ಎಪ್ಪತ್ತೈದರ ಮುದುಕ, ಸೊಂಟ ಮುರಿದು ಕೋಲು ಹಿಡಿದು ನಡೆಯುವವನು. ನಾನು ಇಳಿದು ಬಾಯಿ ತೆರೆದರೆ ಗಾಳಿ ಮಾತ್ರ ಬಂತು.

"ಏನಮ್ಮ ಆರ್ಡಿತ್, ಗಂಟಲಲ್ಲಿ ಕಪ್ಪೆ ಸಾಕಿದ್ದೀಯಾ?" ಎಂದು ನಕ್ಕ.

ಅವನ ಕೋಟಿನ ಎದೆ ಹಿಡಿದು ಪಿಸುಗುಟ್ಟಿದೆ. "ಟ್ವೈಲಾ ಎಲ್ಲಿ?"

"ಬೆಳಗಾಗೋಕೆ ಮುಂಚೆನೇ ಹತ್ತಿದ್ಳು. ಎಲ್‌ವುಡ್ ಕೂರ್ತಿದ್ನಲ್ಲ, ಆ ಬಿದ್ದ ಮರದ ಕಡೆ ಇರ್ಬೇಕು. ಯಾಕೆ, ಏನಾಯ್ತು?"

"ಅವಳ ಕೋವೀಲಿರೋದು ತಪ್ಪು ಮದ್ದು. ನಾನೇ ತುಂಬಿದ್ದು. ಹೊತ್ತಿದ್ರೆ ಒಡೆಯುತ್ತೆ."

ಅವನ ನಗು ಆರಿಹೋಯಿತು. ಮುದುಕನೂ ಬೇಟೆಗಾರನೇ, ಅವನಿಗೆ ಹೆಚ್ಚು ಹೇಳಬೇಕಿರಲಿಲ್ಲ. "ಈ ಸೊಂಟ ಕಟ್ಕೊಂಡು ನಾನು ಹತ್ತಲಾರೆನಲ್ಲಮ್ಮ," ಅಂದ.

"ನನ್ನ ಗಾಡಿ ಹಾರ್ನ್ ಒತ್ತು. ಬಿಡ್ಬೇಡ, ಒತ್ತುತ್ತಾನೇ ಇರು. ಅವಳು ಇಳಿದು ಬಂದ್ರೂ ಬಂದ್ಲು. ಮತ್ತೆ..." ಆಗಲೇ ಬೆಟ್ಟದ ಕಡೆ ತಿರುಗಿದ್ದೆ. "ಮೇಲಿಂದ ಸದ್ದು ಕೇಳಿದ್ರೆ ಆಂಬುಲೆನ್ಸಿಗೆ ಫೋನ್ ಮಾಡು."

ಅವಳ ಬೂಟಿನ ಗುರುತು ಹಿಮದಲ್ಲಿ ಸ್ಪಷ್ಟವಾಗಿತ್ತು. ಅದರಲ್ಲೇ ಕಾಲಿಟ್ಟು ಹತ್ತಿದೆ. ಕೆಳಗೆ ಹಾರ್ನ್ ಗೋಳಿಡುತ್ತಿತ್ತು. ಜ್ವರದ ಮೈ, ನಾಲ್ಕು ಹೆಜ್ಜೆಗೆ ಉಸಿರು ಕಟ್ಟುತ್ತಿತ್ತು. "ಟ್ವೈಲಾ" ಎಂದು ಕೂಗಲು ನೋಡಿದೆ. ನನಗೇ ಕೇಳಿಸದಷ್ಟು ಸಣ್ಣ ಕೀರಲು ಹೊರಟಿತು.

ತೊರೆ ದಾಟಿ ಅರ್ಧ ಬೆಟ್ಟ ಏರಿದ್ದೆ. ಢಮ್ಮ್ ಎಂದು ಒಂದು ಈಡು ಸಿಡಿಯಿತು.

ಮೊಣಕಾಲೂರಿ ಹಿಮದಲ್ಲಿ ಬಿದ್ದೆ. ಕಿವಿಯಲ್ಲಿ ಆ ಸದ್ದು ಮತ್ತೆ ಮತ್ತೆ ಉರುಳಿತು. ಟ್ವೈಲಾಳ ಮುಖ ಕಣ್ಣ ಮುಂದೆ ಬಂತು, ಆದರೆ ಅರ್ಧ ಮುಖ ಮಾತ್ರ. ಉಳಿದರ್ಧವನ್ನು ನೋಡಲು ನನ್ನ ಮನಸ್ಸೇ ಒಪ್ಪಲಿಲ್ಲ. ಎಷ್ಟು ಹೊತ್ತು ಹಾಗೆ ಬಿದ್ದಿದ್ದೆನೋ ಗೊತ್ತಿಲ್ಲ. ಆಮೇಲೆ ಬುದ್ಧಿ ಮೆಲ್ಲಗೆ ಮರಳಿತು. ಈ ಸದ್ದು ದಪ್ಪ, ಉರುಟು, ಗುಡುಗಿನ ಹಾಗೆ ಎಳೆದುಕೊಂಡು ಹೋಗುವಂಥದ್ದು. ಅದು ಕಪ್ಪು ಮದ್ದಿನ ಸದ್ದು. ಬಂದದ್ದು ಬೆಟ್ಟದ ಆಚೆ ಬದಿಯಿಂದ ಇರಬೇಕು. ಇರಬೇಕು ಅಷ್ಟೇ, ಖಾತ್ರಿ ಇಲ್ಲ. ಕಾಡಿನಲ್ಲಿ ಸದ್ದು ಎಲ್ಲಿಂದ ಬಂತೆಂದು ಪ್ರಮಾಣ ಮಾಡಿ ಹೇಳಲು ಯಾರಿಂದಲೂ ಆಗುವುದಿಲ್ಲ. ಎದ್ದೆ. ಎದ್ದಾಗ ನನ್ನ ಕೋಟಿನ ತೋಳು ಕಣ್ಣಿಗೆ ಬಿತ್ತು. ಕಂದು ಬಣ್ಣದ ಕೋಟು, ತಲೆಗೂ ಕಂದು ಉಣ್ಣೆ ಟೋಪಿ. ಕಿತ್ತಳೆ ಬಣ್ಣದ ಬೇಟೆಯ ಅಂಗಿ ಮನೆಯ ಮೊಳೆಯಲ್ಲೇ ಉಳಿದಿತ್ತು. ಬೇಟೆಯ ವಾರದಲ್ಲಿ ಜಿಂಕೆಯಂತೆ ಕಂದು ಬಟ್ಟೆ ತೊಟ್ಟು ಪೊದೆಗಳ ನಡುವೆ ನುಗ್ಗುವವರಿಗೆ ನಮ್ಮ ಕಡೆ ಹುಚ್ಚರು ಎನ್ನುತ್ತಾರೆ. ಹಿಂದೆ ಹೋಗಲು ಹೊತ್ತಿರಲಿಲ್ಲ.

ಹೆಮ್ಲಾಕ್ ಮರಗಳ ಗುಂಪು ದಾಟುವಾಗ ಮತ್ತೊಂದು ಸದ್ದು ಕೇಳಿತು. ಇದು ಹತ್ತಿರದ್ದು, ತೀರ ಸಣ್ಣದು. ಟಕ್. ಫುಸ್.

ಆ ಸದ್ದು ನನಗೆ ಗೊತ್ತು. ಬಟ್ಟಲಿನ ರಂಜಕ ಮಾತ್ರ ಉರಿದಿದೆ, ಒಳಗಿನದು ಹೊತ್ತಿಲ್ಲ. ಟ್ವೈಲಾ ಬದುಕಿದ್ದಾಳೆ! ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಆ ನೀರು ಕೆನ್ನೆಗೆ ಇಳಿಯುವ ಮೊದಲೇ ಮೈಯೆಲ್ಲ ತಣ್ಣಗಾಯಿತು. ಹೊಗೆಯಿಲ್ಲದ ಮದ್ದು ಸಣ್ಣ ಉರಿಗೆ ಸುಲಭವಾಗಿ ಹೊತ್ತುವುದಿಲ್ಲ, ಅದಕ್ಕೇ ಬಚಾವಾಗಿದ್ದಾಳೆ. ಆದರೆ ಈಗ ಅವಳು ಏನು ಮಾಡುತ್ತಾಳೆ? ನಾನು ಕಲಿಸಿದ್ದನ್ನು ಮಾಡುತ್ತಾಳೆ. ಒಂದು ನಿಮಿಷ ಕಾಯುತ್ತಾಳೆ, ಕಿಂಡಿ ಚುಚ್ಚುತ್ತಾಳೆ, ಕಿಂಡಿಯೊಳಕ್ಕೇ ನಾಲ್ಕು ಕಾಳು ಒಳ್ಳೆಯ ರಂಜಕ ಇಳಿಸುತ್ತಾಳೆ. ಆಗ ಒಳಗಿನದು ಹೊತ್ತೇ ಹೊತ್ತುತ್ತದೆ.

ಓಡಿದೆ. ಓಡಿದೆ ಎನ್ನುವುದು ಸುಳ್ಳು, ಬಿದ್ದೆ, ಎದ್ದೆ, ತೆವಳಿದೆ. ದಿಣ್ಣೆಯ ಅಂಚಿಗೆ ಬಂದು ನೋಡಿದರೆ ಮೊದಲು ಕಂಡದ್ದು ಜಿಂಕೆ. ಕೊಬ್ಬಿದ ಹೆಣ್ಣು ಜಿಂಕೆ, ಕಿವಿ ನಿಮಿರಿಸಿ ನಿಂತಿದೆ. ಫುಸ್ ಎಂದದ್ದೇನೆಂದು ಅದಕ್ಕೂ ತಿಳಿದಿಲ್ಲ. ಅದು ನೋಡುತ್ತಿದ್ದ ಕಡೆ ನೋಡಿದೆ. ನಲವತ್ತು ಹೆಜ್ಜೆ ಆಚೆ, ಬಿದ್ದ ಮರದ ಹಿಂದೆ, ಕಿತ್ತಳೆ ಟೋಪಿ ತಗ್ಗಿಸಿ ಟ್ವೈಲಾ ಕೋವಿಯ ಮೇಲೆ ಬಗ್ಗಿದ್ದಾಳೆ. ಅವಳ ಬೆರಳ ತುದಿ ಕಿಂಡಿಯ ಹತ್ತಿರ ಆಡುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಬಟ್ಟಲು ಮುಚ್ಚಿದಳು. ಕುದುರೆ ಹಿಂದಕ್ಕೆ ಎಳೆದಳು. ಕೋವಿಯ ಹಿಂಬದಿ ಭುಜಕ್ಕೆ ಏರಿತು.

ಜಿಂಕೆ ಓಡಿದರೆ ಅವಳು ಹೊಡೆಯಲಾರಳು ಎಂಬುದೊಂದೇ ಹೊಳೆಯಿತು. ಪಕ್ಕದಲ್ಲಿ ಒಣಗಿದ ಬೀಚ್ ಮರದ ಕೊಂಬೆಯೊಂದು ಜೋತಿತ್ತು. ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದೆ. ಫಟಾರೆಂದು ಮುರಿದು ನಾನೂ ಕೊಂಬೆಯೂ ಒಟ್ಟಿಗೆ ಇಳಿಜಾರಿಗೆ ಉರುಳಿದೆವು. ಜಿಂಕೆ ಬಿಳಿ ಬಾಲ ಎತ್ತಿ ಚಂಗನೆ ಹಾರಿ ಮಾಯವಾಯಿತು.

ಮಾಯವಾದದ್ದು ನನ್ನ ಕಡೆಗೇ ಹಾರಿ, ನನ್ನ ಹಿಂದಿನ ಪೊದೆಗೆ. ಟ್ವೈಲಾಳ ಕೋವಿಯ ಮೂತಿ ಅದನ್ನು ಹಿಂಬಾಲಿಸಿ ತಿರುಗಿ ಬಂದು ನನ್ನ ಮೇಲೆ ನಿಂತಿತು.

ಪೊದೆಯಲ್ಲಿ ಒದ್ದಾಡುತ್ತಿರುವ ಕಂದು ಬಣ್ಣದ ಏನೋ ಒಂದು. ಅವಳಿಗೆ ಕಂಡದ್ದು ಅಷ್ಟೇ. ನಳಿಗೆಯ ತೂತು ನನಗೆ ಬಾವಿಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಅದು ಹಾರಿದರೆ ಅಕ್ಕನೂ ಹೋದಳು, ತಂಗಿಯೂ ಹೋದಳು. ಟೋಪಿ ಕಿತ್ತೆಸೆದೆ. ಎರಡೂ ಕೈ ಮೇಲೆತ್ತಿದೆ. ನನ್ನ ನರೆಗೂದಲು ಮುಖದ ಮೇಲೆ ಬಿತ್ತು. ಕೂಗಲು ದನಿಯಿಲ್ಲ. ಬಾಯಿ ತೆರೆದುಕೊಂಡು ಹಾಗೇ ಕೂತೆ.

ಮೂತಿ ಮೆಲ್ಲಗೆ ಕೆಳಗಿಳಿಯಿತು.

"ಆರ್ಡಿತ್?" ಆಮೇಲೆ ಅವಳ ದನಿ ಸಿಡಿಯಿತು. "ಲೇ, ನಿಂಗೇನು ಹುಚ್ಚು ಹಿಡಿದಿದೆಯಾ? ಹೊಡೆದೇಬಿಡ್ತಿದ್ದೆನಲ್ಲೇ! ಇನ್ನೊಂದು ಕ್ಷಣ! ಆ ಕೋಟ್ ನೋಡು, ಥೂ!"

ನಾನು ತೆವಳಿಕೊಂಡು ಅವಳ ಕಡೆ ಹೊರಟೆ. "ಮದ್ದು," ಅಂದೆ. "ಮದ್ದು ಸರಿಯಿಲ್ಲ."

"ಏನು? ಕೇಳಿಸ್ತಿಲ್ಲ. ಮದ್ದಾ?" ಅವಳ ಮುಖ ಕೆಂಪಾಯಿತು. "ಓಹೋ! ಇದಕ್ಕೆ ಬಂದ್ಯಾ? ನಾನು ಎಷ್ಟು ಹಾಕಿದ್ದೀನಿ ಅಂತ ಅಳೆಯೋಕೆ ಬೆಟ್ಟ ಹತ್ತಿ ಬಂದ್ಯಾ? ಐವತ್ತೇ ಹಾಕಿದ್ದೀನಿ ಕಣೇ. ಐವತ್ತು! ಏನು ಮಾಡ್ತೀಯ ಈಗ?"

ನಾನು ತಲೆ ಆಡಿಸಿದೆ. ಕೈ ಆಡಿಸಿದೆ. ಉಸಿರು ಸಿಗುತ್ತಿರಲಿಲ್ಲ.

"ಇಡೀ ಜೀವಮಾನದಲ್ಲಿ ಮೊದಲನೇ ಜಿಂಕೆ. ಅದನ್ನೂ ಓಡಿಸಿದೆ. ಸಾಕಾಯ್ತು ನಂಗೆ. ಇದನ್ನ ಇಲ್ಲೇ ಆ ದಿಬ್ಬಕ್ಕೆ ಹಾರಿಸಿ ಖಾಲಿ ಮಾಡ್ತೀನಿ. ಆಮೇಲೆ ಕೋವಿ ನೀನೇ ಇಟ್ಕೋ, ಅಳತೆ ಕೊಳವೆನೂ ನೀನೇ ಇಟ್ಕೋ."

ಅವಳು ತಿರುಗಿ ಕೋವಿಯನ್ನು ಎದುರಿನ ದಿಬ್ಬಕ್ಕೆ ಗುರಿಯಿಟ್ಟಳು. ಕುದುರೆ ಇನ್ನೂ ಹಿಂದಕ್ಕೇ ಇತ್ತು. ಕೆನ್ನೆ ಕೋವಿಯ ಮರದ ಹಿಡಿಗೆ ತಾಗಿತು.

ಅಷ್ಟರಲ್ಲಿ ತೆವಳುತ್ತ ಹತ್ತಿರ ಬಂದಿದ್ದೆ, ನಮ್ಮಿಬ್ಬರ ನಡುವೆ ಮೂರು ಹೆಜ್ಜೆ. ಅದನ್ನು ಹೇಗೆ ದಾಟಿದೆನೋ ಇವತ್ತಿಗೂ ತಿಳಿಯದು. ಅವಳ ಬೆರಳು ಟ್ರಿಗರ್ ಎಳೆಯುವುದಕ್ಕೂ ನನ್ನ ಕೈ ಕೋವಿಯ ಮೇಲೆ ಬೀಳುವುದಕ್ಕೂ ಸರಿಹೋಯಿತು. ಕಲ್ಲಿಗೂ ಉಕ್ಕಿಗೂ ನಡುವೆ ನನ್ನ ಹೆಬ್ಬೆರಳು ತೂರಿಸಿಬಿಟ್ಟಿದ್ದೆ. ಚಕಮಕಿ ಕಲ್ಲು ಉಗುರಿನ ಬುಡಕ್ಕೆ ಕಚ್ಚಿ ಮೂಳೆಯವರೆಗೆ ಇಳಿಯಿತು. ಕಿಡಿ ಹಾರಲಿಲ್ಲ.

ಟ್ವೈಲಾ ಕಿರುಚಿದಳು. ಹಿಮದ ಮೇಲೆ ರಕ್ತ ಟಪಟಪ ಬಿತ್ತು.

"ಬಿಡಬೇಡ," ಎಂದು ಪಿಸುಗುಟ್ಟಿದೆ. ಈಗ ನನ್ನ ಬಾಯಿ ಅವಳ ಕಿವಿಯ ಪಕ್ಕದಲ್ಲೇ ಇತ್ತು. "ಹಾಗೇ ಹಿಡ್ಕೋ. ಅಲ್ಲಾಡ್ಬೇಡ. ಇದು ಕಪ್ಪು ಮದ್ದಲ್ಲ, ಟ್ವೈಲಾ. ಮರ್ಲ್‌ದು. ಪಿಸ್ತೂಲಿನ ಮದ್ದು. ನಾನು ಸುಟ್ಟು ನೋಡ್ಲಿಲ್ಲ. ನಾನು ನೋಡ್ಲಿಲ್ಲ ಕಣೇ."

ಅವಳಿಗೆ ಅರ್ಥವಾದದ್ದು ನನಗೆ ಕೈಯಲ್ಲೇ ಗೊತ್ತಾಯಿತು. ಕೋವಿಯ ಮೇಲೆ ಅವಳ ಹಿಡಿತ ಬಿಗಿಯಾಯಿತು. ಅವಳ ತುಟಿ ಹಿಮದಂತೆ ಬೆಳ್ಳಗಾಗಿತ್ತು. ಮೊದಲು ಬಟ್ಟಲು ತೆರೆದು ರಂಜಕ ಊದಿಹಾಕಲು ಹೇಳಿದೆ. ಅವಳು ಊದಿದಳು, ಎಂಜಲು ಹಚ್ಚಿ ಒರೆಸಿದಳು. ಆಮೇಲೆ ಕುದುರೆಯನ್ನು ಹಿಂದಕ್ಕೆತ್ತಿ ನನ್ನ ಬೆರಳು ಬಿಡಿಸಿದಳು, ತಿರುಪು ಸಡಿಲಿಸಿ ಕಲ್ಲನ್ನೇ ಕಿತ್ತು ಜೇಬಿಗೆ ಹಾಕಿಕೊಂಡಳು. ಒಂದು ಕಡ್ಡಿಯ ಮೊನೆ ಕೆತ್ತಿ ಕಿಂಡಿಗೆ ಬೆಣೆ ಹೊಡೆದಳು. ಕೋವಿಯನ್ನು ಮೂತಿ ದಿಬ್ಬದ ಕಡೆ ಮಾಡಿ ಮರದ ದಿಮ್ಮಿಗೆ ಒರಗಿಸಿ ನಾವಿಬ್ಬರೂ ದೂರ ಹೋಗಿ ಕೂತೆವು. ಮೊದಲ ಸಲದ ಉರಿಯ ಕಣವೇನಾದರೂ ಒಳಗೆ ಕಾಯುತ್ತಿದ್ದರೆ? ಆಗಲಾರದು ಎಂದು ಗೊತ್ತಿದ್ದೂ ಅರ್ಧ ಗಂಟೆ ಅದನ್ನೇ ನೋಡುತ್ತ ಕೂತೆವು. ಟ್ವೈಲಾ ತನ್ನ ಕುತ್ತಿಗೆಯ ವಸ್ತ್ರ ಬಿಚ್ಚಿ ನನ್ನ ಹೆಬ್ಬೆರಳಿಗೆ ಸುತ್ತಿದಳು. ಸುತ್ತುವಾಗ ಅವಳ ಹಲ್ಲು ಕಟಕಟ ಅನ್ನುತ್ತಿತ್ತು.

"ಹಾರ್ನ್ ಕೇಳಿಸ್ತಿತ್ತು," ಅಂದಳು ಗಂಟು ಬಿಗಿಯುತ್ತ. "ಯಾರ್ದೋ ಮದುವೆ ದಿಬ್ಬಣ ಅಂದ್ಕೊಂಡೆ."

ಇಳಿಯುವಾಗ ಕೋವಿ ಅವಳೇ ಹೊತ್ತಳು, ಮೂತಿ ಆಕಾಶಕ್ಕೆ, ಮುಖದಿಂದ ಆದಷ್ಟು ದೂರ. ಕಾಲು ಜಾರಿದಾಗಲೆಲ್ಲ ನಾವಿಬ್ಬರೂ ಕಲ್ಲಾಗಿ ನಿಲ್ಲುತ್ತಿದ್ದೆವು. ಕೆಳಗೆ ಬಂದಾಗ ಹಾರ್ಲನ್ ಇನ್ನೂ ಹಾರ್ನ್ ಮೇಲೆ ಎರಡೂ ಕೈ ಊರಿಕೊಂಡು ಕೂತಿದ್ದ. ನಮ್ಮಿಬ್ಬರನ್ನೂ ನೋಡಿ ಕೈ ತೆಗೆದ. ಮುದುಕನ ಗಡ್ಡ ಒದ್ದೆಯಾಗಿತ್ತು. "ಎರಡು ಸಲ ಫೋನ್ ಹತ್ರ ಹೋಗಿ, ಕಪ್ಪು ಮದ್ದಿನ ಸದ್ದಲ್ವಾ ಅಂತ ವಾಪಸ್ ಬಂದೆ," ಅಂದ. "ಆ ಢಮ್ಮ್ ಅಂದಿದ್ದು ನೀವಲ್ಲ ತಾನೆ?"

ಅವನ ಕೊಟ್ಟಿಗೆಯಲ್ಲೇ ಈಡು ತೆಗೆದೆವು. ಗಜದ ತುದಿಗೆ ತಿರುಪುಮೊಳೆಯಂಥದ್ದನ್ನು ಸಿಕ್ಕಿಸಿ ಗುಂಡಿಗೆ ಕೊರೆದು ಎಳೆಯಬೇಕು. ನನ್ನ ಕೈ ಆಗುವಂತಿರಲಿಲ್ಲ. ಹಾರ್ಲನ್ ಕೋವಿಯನ್ನು ಮೇಜಿಗೆ ಜೋಡಿಸಿದ ಕಬ್ಬಿಣದ ಹಿಡಿಕದಲ್ಲಿ ಬಿಗಿದ, ಟ್ವೈಲಾ ಮೂತಿಯ ಪಕ್ಕಕ್ಕೆ ಸರಿದು ನಿಂತು ಎಳೆದಳು. ಒಂದೊಂದು ಬೆರಳಗಲ ಗಜ ಹೊರಬಂದಾಗಲೂ ನಾನು ಕಣ್ಣು ಮುಚ್ಚುತ್ತಿದ್ದೆ. ಗುಂಡು ಕೊನೆಗೆ ಪಕ್ಕನೆ ಕಿತ್ತು ಬಂತು. ಹಿಂದೆಯೇ ಕಪ್ಪು ಕಾಳುಗಳು ಕಾಗದದ ಮೇಲೆ ಸುರಿದವು.

ಒಂದು ಚಿಟಿಕೆಯನ್ನು ಹೊರಗೆ ಕಲ್ಲಿನ ಮೇಲೆ ಸುಟ್ಟು ತೋರಿಸಿದೆ. ಹಳದಿ ಉರಿ ಸೋಮಾರಿಯಂತೆ ಎದ್ದು ಆಡಿತು. ಟ್ವೈಲಾ ಬಗ್ಗಿ ನೋಡುತ್ತಿದ್ದಳು.

"ಇಪ್ಪತ್ತು ಹಾಕಿದ್ರೂ ಒಡೀತಿತ್ತಾ?" ಎಂದು ಕೇಳಿದಳು.

"ಇಪ್ಪತ್ತು ಹಾಕಿದ್ರೂ."

ಅವಳು ಆ ಉರಿಯ ಮೇಲೆ ಬೂಟಿನಿಂದ ಹಿಮ ತಳ್ಳಿದಳು. ಆಮೇಲೆ ನನ್ನನ್ನು ಕಾರಿನಲ್ಲಿ ಕೂರಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಹೊಲಿಗೆ ಹಾಕಿಸಿ ಮನೆಗೆ ಬಿಟ್ಟಳು. ಆ ಸಂಜೆ ನಾನು ಕೆಂಪು ಡಬ್ಬಿಯಲ್ಲೂ ಕೊಂಬಿನಲ್ಲೂ ಉಳಿದದ್ದನ್ನು ಹಿಮದ ಮೇಲೆ ತೆಳ್ಳಗೆ ಸುರುವಿ ಸುಟ್ಟೆ. ಮರ್ಲ್‌ನ ಕಪಾಟಿನ ಉಳಿದ ಡಬ್ಬಿಗಳನ್ನೂ ಒಂದೊಂದಾಗಿ ಪರೀಕ್ಷೆ ಮಾಡಿದೆ. ಬೇರೆ ಯಾರಿಗಾದರೂ ಇದರಿಂದ ಕೊಟ್ಟಿದ್ದೆನೇ ಎಂದು ನೆನಪು ಕೆದಕಿದೆ. ಕೊಟ್ಟಿರಲಿಲ್ಲ. ಗೊತ್ತಿದ್ದೂ ಮರುದಿನ ನನ್ನಿಂದ ಮದ್ದು ಒಯ್ದಿದ್ದ ಪ್ರತಿ ಮನೆಗೂ ಹೋಗಿ ಆದದ್ದನ್ನು ಹೇಳಿದೆ. ಕೆಲವರು ಸಮಾಧಾನ ಹೇಳಿದರು. ಒಬ್ಬ ನನ್ನೆದುರೇ ತನ್ನ ಕೊಂಬನ್ನು ಚರಂಡಿಗೆ ಖಾಲಿ ಮಾಡಿದ. ಅವನ ಮೇಲೆ ನನಗೆ ಕೋಪ ಬರಲಿಲ್ಲ.

ಟ್ವೈಲಾ ಎರಡು ತಿಂಗಳು ನನ್ನ ಮನೆಗೆ ಬರಲಿಲ್ಲ. ಫೋನ್ ಮಾಡಿದರೆ "ಚೆನ್ನಾಗಿದ್ದೀನಿ" ಎಂದು ಇಟ್ಟುಬಿಡುತ್ತಿದ್ದಳು. ನನಗೆ ನಿದ್ದೆಯಲ್ಲಿ ಅರ್ಧ ಮುಖ ಕಾಣುತ್ತಿತ್ತು. ಮಾರ್ಚಿನಲ್ಲಿ ಮೇಪಲ್ ಮರಗಳಿಗೆ ರಸದ ಬಕೆಟ್ ಕಟ್ಟುವ ಹೊತ್ತಿಗೆ ಅವಳು ಹಿತ್ತಲ ಬಾಗಿಲಿಂದ ಒಳಗೆ ಬಂದು ಕುರ್ಚಿ ಎಳೆದು ಕೂತಳು.

"ರೇಡಿಯೋ ವಿಷಯ ನಾನು ಅನ್ಬಾರ್ದಿತ್ತು," ಅಂದಳು.

"ಅಂದಿದ್ರಲ್ಲಿ ಸುಳ್ಳೇನಿಲ್ಲ."

"ಸುಳ್ಳಿಲ್ಲ, ಆದ್ರೂ ಅನ್ಬಾರ್ದಿತ್ತು." ನನ್ನ ಹೆಬ್ಬೆರಳಿನ ಗಾಯದ ಕಲೆ ತಿರುಗಿಸಿ ನೋಡಿದಳು. "ನಂಗೆ ಮೊದಲಿಂದ ಮತ್ತೆ ಕಲಿಸು. ಮದ್ದು ನೋಡೋದ್ರಿಂದ ಶುರು ಮಾಡು. ನೀನು ನೋಡಿದ್ದನ್ನ ನಾನೂ ನೋಡ್ಬೇಕು, ನಾನು ನೋಡಿದ್ದನ್ನ ನೀನೂ ನೋಡ್ಬೇಕು."

"ಹೆದರಿಕೆ ಆಗಲ್ವಾ ನಿಂಗೆ?"

"ಆಗುತ್ತೆ. ಆ ಕೋವಿ ನೋಡಿದ್ರೇ ಕೈ ಬೆವರುತ್ತೆ. ಹಾಗಂತ ಎಲ್‌ವುಡ್‌ನ ಕೋವೀನ ತುಕ್ಕು ಹಿಡಿಯೋಕೆ ಬಿಡ್ಲಾ?"

ಆ ಬೇಸಿಗೆಯಿಡೀ ಕಲಿತೆವು. ಭುಜಕ್ಕೆ ಕುರಿ ಚರ್ಮದ ಮೆತ್ತೆ ಹೊಲಿದುಕೊಟ್ಟೆ. ಅರವತ್ತೈದಕ್ಕೆ ಇಬ್ಬರೂ ರಾಜಿಯಾದೆವು. ತಟ್ಟೆಯ ಮೇಲೆ ಅದೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಬೀಳುತ್ತಿತ್ತು.

ಮುಂದಿನ ಕ್ರಿಸ್‌ಮಸ್ ಮುಗಿದು ಅವಳು ಬೆಟ್ಟ ಹತ್ತಿದ ದಿನ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಹಾರ್ಲನ್‌ನ ಜಗುಲಿಯಲ್ಲಿ ಕಂಬಳಿ ಹೊದ್ದು ಕೂತೆ. ಅವನು ಹುರುಳಿಕಾಯಿ ಸೂಪು ತಂದಿಟ್ಟ, ನಾನು ಅದನ್ನು ಪಕ್ಕಕ್ಕೆ ಸರಿಸಿದೆ. ಹನ್ನೊಂದರ ಹೊತ್ತಿಗೆ ಮೇಲಿಂದ ಢಮ್ಮ್ ಎಂದು ಕೇಳಿತು. ದಪ್ಪ ಸದ್ದು, ಕಣಿವೆಯುದ್ದಕ್ಕೂ ಉರುಳಿಕೊಂಡು ಹೋಯಿತು. ಮರಗಳ ಮೇಲೆ ಬಿಳಿ ಹೊಗೆಯ ಒಂದು ಚೂರು ಎದ್ದು ಚದುರಿತು.

"ಕಪ್ಪು ಮದ್ದೇ," ಅಂದ ಹಾರ್ಲನ್.

ಗೊತ್ತು ಅಂದೆ. ಗೊತ್ತಿದ್ದರೂ ಕಂಬಳಿಯ ಅಂಚು ಹಿಡಿದ ಕೈ ಬಿಚ್ಚಲಾಗಲಿಲ್ಲ. ಮಧ್ಯಾಹ್ನ ಒಂದೂವರೆಯ ತನಕ ಹಾಗೇ ಕೂತಿದ್ದೆ. ಆಗ ತೊರೆಯಾಚೆ ಕಿತ್ತಳೆ ಟೋಪಿ ಕಂಡಿತು. ಟ್ವೈಲಾ ಹಿಂದುಹಿಂದಕ್ಕೆ ನಡೆಯುತ್ತ, ಹಗ್ಗ ಕಟ್ಟಿದ ಜಿಂಕೆಯನ್ನು ಹಿಮದ ಮೇಲೆ ಎಳೆದು ತರುತ್ತಿದ್ದಳು. ನನ್ನನ್ನು ನೋಡಿ ನೆಟ್ಟಗೆ ನಿಂತು ಸೊಂಟದ ಮೇಲೆ ಕೈಯಿಟ್ಟಳು.

"ನೋಡ್ತಾ ನಿಂತ್ಯಲ್ಲೇ!" ಎಂದು ಕೂಗಿದಳು. "ಬಂದು ಒಂದು ಕೈ ಹಿಡಿ, ಬೆನ್ನು ಮುರೀತಿದೆ!"

ನಾನು ಕಂಬಳಿ ಅಲ್ಲೇ ಎಸೆದು ಸೇತುವೆಯ ಕಡೆ ಓಡಿದೆ.